ಟವಲಿನೊಳಗೆ ಐದು ಬೆರಳು

ಶಶಿರೇಖಾ ಚೀಲವನ್ನು ತಲೆಕೆಳಗು ಮಾಡಿ ಚಾಪೆಯ ಮೇಲೆ ಸುರಿದಳು. ಹುಣಸೆ ಬೀಜಗಳು ಚಟಪಟ ಸದ್ದು ಮಾಡುತ್ತ ನಾಲ್ಕೂ ಕಡೆಗೆ ಓಡಿದವು. ಅದರಲ್ಲೊಂದು ಮುದುಕನ ಕಾಲ ಹೆಬ್ಬೆರಳಿಗೆ ತಾಗಿ ನಿಂತಿತು. ಮುದುಕ ಅದನ್ನು ಮುಟ್ಟಲಿಲ್ಲ, ಬಗ್ಗಿ ನೋಡಲೂ ಇಲ್ಲ. ಗೋಡೆಗೊರಗಿ ಕೂತಿದ್ದವನು ಹೆಗಲ ಮೇಲಿನ ಕೆಂಪು ಚೌಕಳಿ ಟವಲು ತೆಗೆದು ತೊಡೆಯ ಮೇಲೆ ಮಡಿಸಿಟ್ಟುಕೊಂಡ.

"ಇಷ್ಟೇನಾ?" ಅಂದ.

"ಇಷ್ಟೇನಾ ಅಂದ್ರೆ ಹೆಂಗೆ ತಾತಾ!" ಬಾಲರಾಜನಿಗೆ ತಡೆಯಲಾಗಲಿಲ್ಲ. "ಮೂರು ತಿಂಗಳು ಗುದ್ದಾಡಿ ತಂದಿರೋ ನಿಧಿ ಇದು. ಇದಕ್ಕೋಸ್ಕರ ನನ್ನ ಎಡಗಿವಿ ಹೋಗಿದೆ."

ಮುದುಕ ಬಾಲರಾಜನ ಎಡಗಿವಿಯನ್ನು ನೋಡಿದ. ಅದು ಇದ್ದ ಜಾಗದಲ್ಲೇ ಇತ್ತು.

"ಐತಲ್ಲೋ."

"ಈ ಕಿವಿ ಅಲ್ಲ ತಾತ. ಆ ಕಿವಿ. ಅಲ್ಲಿ, ಆಟದಲ್ಲಿ."

"ಅಂಗಾದ್ರೆ ಆ ಬಾಯ್ನಲ್ಲಿ ಮಾತಾಡು. ಈ ಬಾಯಿ ಮುಚ್ಕ. ಸರಕು ಮುಂದಿಟ್ಕಂಡು ವದರಬಾರದು."

ಸಬೀರಾ ನಕ್ಕಳು. ಮೂರು ವಾರದಲ್ಲಿ ಅವಳು ಆ ಕೋಣೆಯಲ್ಲಿ ನಕ್ಕದ್ದು ಅದೇ ಮೊದಲು. ಶಶಿರೇಖಾ ತಲೆಯೆತ್ತಿ ನೋಡುವಷ್ಟರಲ್ಲಿ ನಗು ಮುಗಿದುಹೋಗಿತ್ತು.

ಅದು ಮತ್ತಿಕೆರೆಯ ಒಂದು ಮೂರಂತಸ್ತಿನ ಮನೆಯ ತಾರಸಿ ಕೋಣೆ. ಕೆಳಗಿನ ಮಹಡಿಗಳಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗರ ಒದ್ದೆ ಬನಿಯನ್ನುಗಳು ಕಿಟಕಿಗೆ ಅಡ್ಡವಾಗಿ ನೇತಾಡುತ್ತಿದ್ದವು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾಲ್ಕು ಜನ ಅಲ್ಲಿ ಸೇರುವುದು ಎರಡು ವರ್ಷದ ರೂಢಿ. ಮನೆಯವನಾದ ಮುನೀಂದ್ರ ಆಟ ನಡೆಸುವವನು. ಅವನ ಬಳಿ ಸುರುಳಿ ತಂತಿ ಹಾಕಿದ ದಪ್ಪನೆಯ ನಿಯಮಗಳ ಪುಸ್ತಕವೂ, ತಲೆಯೊಳಗೆ ಒಂದು ಸೀಮೆಯೂ ಇತ್ತು. ಆ ಸೀಮೆಯ ಹೆಸರು ಏಳುಕೆರೆ. ಅಲ್ಲಿ ಬೆಟ್ಟಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತಿದ್ದವು, ಕೆರೆಗಳ ತಳದಲ್ಲಿ ರಾಣಿಯರು ಎಚ್ಚರವಾಗಿ ಮಲಗಿರುತ್ತಿದ್ದರು. ಉಳಿದ ಮೂವರು ಆ ಸೀಮೆಯಲ್ಲಿ ತಿರುಗುವ ಜನ. ಮುನೀಂದ್ರ ಎದುರಿಗೆ ಏನಿದೆ ಎಂದು ಹೇಳುತ್ತಾನೆ, ಇವರು ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ, ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಆಟವೆಂದರೆ ಇಷ್ಟೇ. ಚಿಕ್ಕಬಾಣಾವರದಲ್ಲಿ ಕಾರು ಓಡಿಸುವ ಬಾಲರಾಜ್ ಅಲ್ಲಿ ಕೊಡಲಿ ಹಿಡಿದ ದೈತ್ಯ. ಆರ್.ಟಿ. ನಗರದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ಸಬೀರಾಳ ಹೆಸರು ಅಲ್ಲಿ ಮಿಂಚುಳ್ಳಿ; ಎಲ್ಲರಿಗಿಂತ ಮುಂದೆ ದೀಪ ಹಿಡಿದು ಕತ್ತಲೆಗೆ ನುಗ್ಗುವವಳು. ಅಬ್ಬಿಗೆರೆಯ ಶಶಿರೇಖಾ ಅಲ್ಲಿಯೂ ಹೆಚ್ಚುಕಡಿಮೆ ಶಶಿರೇಖಾಳೇ. ಅವಳು ಮೂಟೆ ಹೊರುತ್ತಾಳೆ.

ಸಿಕ್ಕ ನಿಧಿಯನ್ನು ಮುನೀಂದ್ರ ಕಾಗದದಲ್ಲಿ ಬರೆದುಕೊಳ್ಳಿ ಅನ್ನುತ್ತಿದ್ದ. ಶಶಿರೇಖಾಳಿಗೆ ಅದು ಸರಿಬರಲಿಲ್ಲ. ಕೈಗೆ ಭಾರವೆನಿಸದ ವಸ್ತು ಇದೆ ಎಂದು ಅವಳಿಗೆ ಅನ್ನಿಸುತ್ತಲೇ ಇರಲಿಲ್ಲ. ಹಾಗಾಗಿ ಸೀರೆ ಅಂಗಡಿಯ ಹಳೆಯ ಬಟ್ಟೆಚೀಲವೊಂದನ್ನು ಮೂಟೆ ಮಾಡಿದಳು. ಚಿನ್ನದ ನಾಣ್ಯಕ್ಕೆ ಹುಣಸೆ ಬೀಜ, ಬೆಳ್ಳಿಗೆ ಅವರೆ ಬೀಜ, ರತ್ನಗಳಿಗೆ ಒಡೆದ ಬಳೆ ಚೂರು. ಕತ್ತಿ ಗುರಾಣಿಗಳಿಗೆ ಸೋದರಮಾವನ ಅಂಗಡಿಯಿಂದ ತಂದ ನಟ್ಟು ಬೋಲ್ಟು. ಕೆರೆಯ ತಳದ ರಾಣಿಯ ಕಿರೀಟ ಸಿಕ್ಕ ದಿನ ಮಾತ್ರ ಅವಳಿಗೆ ಏನೂ ತೋಚದೆ, ಮನೆಯ ಕಾಫಿ ಫಿಲ್ಟರಿನ ಸ್ಟೀಲಿನ ಮುಚ್ಚಳವನ್ನೇ ತಂದು ಹಾಕಿದ್ದಳು. ಅವತ್ತಿನಿಂದ ಅವಳ ಮನೆಯಲ್ಲಿ ಫಿಲ್ಟರಿನ ಮೇಲೆ ತಟ್ಟೆ ಮುಚ್ಚುತ್ತಿದ್ದರು.

ಯಶವಂತಪುರದಲ್ಲಿ ಅವಳ ಮಾವನದು ಪಾತ್ರೆ ಅಂಗಡಿ. ಹಳೆಯದನ್ನು ತೂಕಕ್ಕೆ ಹಾಕಿ ಹೊಸದನ್ನು ಒಯ್ಯುವ ಜನರ ಎದುರು ಅವಳು ದಿನವಿಡೀ ತಕ್ಕಡಿ ಹಿಡಿದು ನಿಲ್ಲುತ್ತಿದ್ದಳು. ಸವಕಲು, ಬೆಸುಗೆ, ತಳ ಸುಟ್ಟಿದ್ದು ಎಂದು ಒಂದೊಂದೇ ಕಾರಣ ಹೇಳುತ್ತ ತೂಕದಿಂದ ಕಳೆಯುವುದನ್ನು ಹದಿನೈದನೇ ವಯಸ್ಸಿನಲ್ಲೇ ಕಲಿತಿದ್ದಳು. ಮೊದಲ ಮಾತಿಗೆ ಒಪ್ಪಿದ್ದು ಅವಳ ನೆನಪಿನಲ್ಲೇ ಇಲ್ಲ. ಸಬೀರಾ ಪರಿಚಯವಾದದ್ದೂ ಅಲ್ಲೇ. ಅಂಚಿನಲ್ಲಿ ಅಜ್ಜಿಯ ಹೆಸರು ಕೊರೆದ ತಾಮ್ರದ ಹಂಡೆಯೊಂದನ್ನು ಹೊತ್ತು ತಂದಿದ್ದಳು. ಶಶಿರೇಖಾ ತೂಕಕ್ಕಿಟ್ಟಳು, ಹೆಸರಿನ ಮೇಲೆ ಬೆರಳಾಡಿಸಿದಳು, ಮಾವ ಆ ಕಡೆ ತಿರುಗಿದಾಗ ಮೆಲ್ಲನೆ "ಇದನ್ನ ಯಾರಿಗೂ ಕೊಡ್ಬೇಡಿ, ವಾಪಸ್ ತಗೊಂಡ್ ಹೋಗಿ" ಅಂದಳು. ಯಾಕೆ ಅಂದಳೋ ಅವಳಿಗೇ ಗೊತ್ತಿಲ್ಲ. ಸಬೀರಾ ಹಂಡೆ ವಾಪಸು ಒಯ್ದಳು, ಮುಂದಿನ ಭಾನುವಾರ ಇವಳನ್ನು ಈ ತಾರಸಿಗೆ ಕರೆತಂದಳು. ಅಂಗಡಿ ಮತ್ತು ಮನೆ ಬಿಟ್ಟರೆ ಶಶಿರೇಖಾಳ ಜಗತ್ತಿನಲ್ಲಿ ಇದ್ದದ್ದು ಆ ತಾರಸಿ, ಆಟ ಮುಗಿದ ಮೇಲೆ ಮೂಲೆಯ ಗಾಡಿಯ ಬಳಿ ಸಬೀರಾಳ ಜೊತೆ ಹಂಚಿಕೊಳ್ಳುವ ಒಂದು ಪ್ಲೇಟು ಮಸಾಲೆಪುರಿ.

ಮೂರು ವಾರದ ಹಿಂದೆ ಅದು ನಿಂತಿತ್ತು.

ಅವತ್ತು ಅವರು ಕೆರೆಯ ತಳದ ಸುರಂಗದಲ್ಲಿದ್ದರು. ಹಿಂದಿನಿಂದ ತೂಬು ಒಡೆಯಿತು. ನೀರು ಬರುವ ಸದ್ದನ್ನು ಮುನೀಂದ್ರ ತೊಡೆ ತಟ್ಟಿ ತೋರಿಸಿದ, ಮೊದಲು ನಿಧಾನ, ಆಮೇಲೆ ಜೋರು. "ಶಶಿ, ನಿನ್ನ ಒಂದು ಕೈಯಲ್ಲಿ ಹಗ್ಗ ಇದೆ. ಇನ್ನೊಂದು ಕೈಗೆ ಮೂಟೆ ಸಿಗುತ್ತೆ, ಇಲ್ಲಾ ಮಿಂಚುಳ್ಳಿ ಕೈ ಸಿಗುತ್ತೆ. ಹತ್ತು ಎಣಿಸ್ತೀನಿ." ಅವನು ಮೂರು ಎಣಿಸುವಷ್ಟರಲ್ಲಿ ಶಶಿರೇಖಾ "ಮೂಟೆ" ಅಂದುಬಿಟ್ಟಳು. ಆಸೆಯಿಂದಲ್ಲ, ಕೈಗೆ ಬಂದಿದ್ದ ಅಭ್ಯಾಸ ಅದು. ಮಿಂಚುಳ್ಳಿ ಹೇಗೂ ಚುರುಕು, ದಾಳ ಹಾಕಿ ಪಾರಾಗುತ್ತಾಳೆ ಅಂದುಕೊಂಡಿದ್ದಳು. ಸಬೀರಾ ದಾಳ ಹಾಕಿದಳು. ಎರಡು ಬಿತ್ತು. "ದೀಪ ಆರಿತು," ಅಂದ ಮುನೀಂದ್ರ.

ಸಬೀರಾ ಜಗಳ ಮಾಡಲಿಲ್ಲ. ಅವತ್ತು ಸಂಜೆ ಗಾಡಿಯ ಬಳಿ ನಿಲ್ಲದೆ ಮೊದಲು ಸಿಕ್ಕ ಆಟೋ ಹತ್ತಿ ಹೋದಳು. ಆಮೇಲಿನ ಎರಡು ಭಾನುವಾರವೂ ಬಂದಳು. ಆಡಲು ಪಾತ್ರವಿಲ್ಲದವಳಾಗಿ, ದಾಳವನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಳು. ಸತ್ತವರು ಮನೆಯಲ್ಲೇ ಓಡಾಡಿಕೊಂಡಿದ್ದರೆ ಹೀಗೇ ಇರುತ್ತದೇನೋ ಎಂದು ಶಶಿರೇಖಾಳಿಗೆ ಅನ್ನಿಸಿತ್ತು. ಅವಳನ್ನು ವಾಪಸು ತರಬೇಕು. ಶಶಿರೇಖಾಳಿಗೆ ಈಗ ಏಳುಕೆರೆಯಲ್ಲಿ ಬೇಕಾದದ್ದು ಅದೊಂದೇ, ಮತ್ತಿಕೆರೆಯಲ್ಲಿ ಬೇಕಾದದ್ದೂ ಅದೇ.

ದಾರಿ ಪುಸ್ತಕದಲ್ಲಿತ್ತು. ಗಂಟೆಗುಡಿಯ ಪೂಜಾರಿಗೆ ಒಂದು ಉಸಿರುಮಣಿ ಕೊಟ್ಟರೆ ಅವನು ಗಂಟೆಯನ್ನು ಮೂರು ಸಲ ಬಾರಿಸಿ ಸತ್ತವರನ್ನು ಕರೆಯುತ್ತಾನೆ. ಅದನ್ನು ಓದಿದ ಮೇಲೆ ಮುನೀಂದ್ರ ಕೆಳಗಿನ ಸಣ್ಣ ಅಕ್ಷರದ ಸಾಲನ್ನೂ ಓದಿದ್ದ: ಕರೆದಾಗ ಬರುವುದಕ್ಕೆ ಸತ್ತವರು ಒಪ್ಪಬೇಕು.

"ಯಾವನ್ ಗುರು ಒಪ್ಪದೇ ಇರ್ತಾನೆ?" ಬಾಲರಾಜ್ ನಕ್ಕಿದ್ದ. "ಫ್ರೀ ರಿಟರ್ನ್ ಟಿಕೆಟ್ಟು!"

ಇಡೀ ಸೀಮೆಯಲ್ಲಿ ಉಸಿರುಮಣಿ ಇದ್ದದ್ದು ನೀರುಗಲ್ಲು ಪೇಟೆಯ ಒಬ್ಬನೇ ವ್ಯಾಪಾರಿಯ ಬಳಿ. ಆ ವ್ಯಾಪಾರಿಯಾಗಿ ಈಗ ಗೋಡೆಗೊರಗಿ ಕೂತಿದ್ದವನು ಮುನೀಂದ್ರನ ತಾತ ಮುನಿಆಂಜಿನಪ್ಪ. ಎಂಬತ್ತಕ್ಕೆ ಎರಡು ಕಡಿಮೆ. ನಲವತ್ತು ವರ್ಷ ದನದ ಸಂತೆಗಳಲ್ಲಿ ದಲ್ಲಾಳಿಯಾಗಿದ್ದವನು. ಹದಿನೈದು ದಿನದ ಹಿಂದೆ ನೀರಿನ ಟ್ಯಾಂಕು ನೋಡಲು ಮೇಲೆ ಬಂದವನು ಬಾಗಿಲಲ್ಲಿ ನಿಂತು, ಮಂತ್ರದ ಕತ್ತಿಯೊಂದು ಮಾರಾಟವಾಗುವುದನ್ನು ಕೇಳಿಸಿಕೊಂಡಿದ್ದ. ಮುನೀಂದ್ರ ಪುಸ್ತಕ ತೆರೆದು ಬೆಲೆ ಓದಿದ, ಅರ್ಧಕ್ಕೆ ಇಳಿಸಿದ, ಮುಗಿಯಿತು.

"ಇದ್ಯಾವ ಯಾಪಾರಾನಪ್ಪಾ," ಅಂದಿದ್ದ ಮುದುಕ. "ಬಸ್ ಟಿಕೀಟ್ ಹರ್ಕಂಡಂಗೆ."

ಮೊಮ್ಮಗನಿಗೆ ಚುಚ್ಚಿತು. ಹಾಗಾದರೆ ನೀನೇ ಮಾಡಿ ತೋರಿಸು ಅಂದ. ಮುದುಕ ಎರಡು ವಾರ ಯೋಚನೆ ಮಾಡಿ, ಕ್ಷೌರ ಮಾಡಿಸಿಕೊಂಡು, ಒಗೆದ ಪಂಚೆ ಉಟ್ಟು ಬಂದಿದ್ದ.

ಈಗ ಅವನು ಬೀಜಗಳ ರಾಶಿಯಿಂದ ಒಂದೇ ಒಂದು ಹುಣಸೆ ಬೀಜವನ್ನು ಎತ್ತಿಕೊಂಡ. ಉಗುರಿನಿಂದ ಕೆರೆದ. ಕಿವಿಯ ಹತ್ತಿರ ಹಿಡಿದು ಹೆಬ್ಬೆರಳಿಂದ ಚಿಮ್ಮಿದ.

"ನೀರಲ್ಲಿತ್ತಾ ಇದು?"

"ಹೌದು ತಾತ," ಅಂದಳು ಶಶಿರೇಖಾ. "ಕೆರೆ ತಳದಲ್ಲಿ. ಮುನ್ನೂರು ವರ್ಷ."

"ಅದ್ಕೇ ದನಿ ಕುಂತೈತೆ."

ಯಾರೂ ನಗಲಿಲ್ಲ. ಮೂರು ತಿಂಗಳಲ್ಲಿ ಯಾರೂ ಆ ನಾಣ್ಯದ ದನಿ ಕೇಳಿಸಿಕೊಂಡಿರಲಿಲ್ಲ. ಮುದುಕ ಒಂದೊಂದನ್ನೇ ನೋಡುತ್ತ ಹೋದ. ಬಳೆ ಚೂರುಗಳನ್ನು ಬಿಸಿಲಿಗೆ ಹಿಡಿದು ಅವುಗಳೊಳಗೆ ನೀರಿದೆಯೋ ಹೊಗೆಯಿದೆಯೋ ಎಂದು ನೋಡಿದ. ಬೋಲ್ಟೊಂದರ ಅಂಚಿಗೆ ಬೆರಳು ತಾಗಿಸಿ ತಟ್ಟನೆ ಹಿಂತೆಗೆದ. ಶಶಿರೇಖಾ ಆ ಬೆರಳಲ್ಲಿ ರಕ್ತ ಬಂತೇನೋ ಎಂದು ನಿಜವಾಗಿಯೂ ನೋಡಿದಳು. ಕೊನೆಗೆ ಕಾಫಿ ಫಿಲ್ಟರಿನ ಮುಚ್ಚಳ ಉಳಿಯಿತು.

ಅದನ್ನು ಅವನು ಒಂದೇ ಸಲಕ್ಕೆ ಎತ್ತಲಿಲ್ಲ. ಮೊದಲು ಎರಡೂ ಅಂಗೈಯನ್ನು ಪಂಚೆಗೆ ಒರೆಸಿಕೊಂಡ. ಆಮೇಲೆ ಎರಡೂ ಕೈ ಅಡಿಗೆ ಹಾಕಿ ಎತ್ತಿದ. ಅವನ ಮೊಣಕೈಗಳು ನಡುಗಿದವು, ಕುತ್ತಿಗೆಯ ನರ ಉಬ್ಬಿತು. ಎದೆಯ ಮಟ್ಟಕ್ಕೆ ತಂದು ನಿಲ್ಲಿಸಿ, "ಬೋ ತೂಕ ಐತಲ್ಲವ್ವಾ," ಅಂದ. "ಯಾರ ತಲೆ ಮ್ಯಾಲಿತ್ತು?"

"ರಾಣಿ ತಲೆ ಮೇಲೆ," ಅಂದ ಮುನೀಂದ್ರ. ಅವನ ಸ್ವರ ಸಣ್ಣಗಾಗಿತ್ತು. ತನ್ನದೇ ಸೀಮೆಗೆ ಅವನು ಮೊದಲ ಸಲ ಕಾಲಿಟ್ಟವನಂತೆ ಕಾಣುತ್ತಿದ್ದ.

"ಕುತ್ತಿಗೆ ನೋವಿತ್ತೇನೋ ಆವಮ್ಮಂಗೆ."

ಶಶಿರೇಖಾ ವಾರಕ್ಕೆ ಆರು ದಿನ ಸ್ಟೀಲು ತೂಗುವವಳು. ಆ ಮುಚ್ಚಳ ಎಷ್ಟು ಗ್ರಾಂ ಎಂದು ಕಣ್ಣಳತೆಯಲ್ಲೇ ಹೇಳಬಲ್ಲಳು. ಆದರೂ ಮುದುಕನ ಕೈಗಳ ನಡುವೆ ಅದು ಅಗಲವಾಯಿತು, ಪಾಚಿ ಹಿಡಿಯಿತು, ಅದರ ಹಲ್ಲುಗಳಿಂದ ನೀರು ತೊಟ್ಟಿಕ್ಕಿತು. ಅವನು ಅದನ್ನು ಚಾಪೆಗೆ ಇಳಿಸಿದಾಗ ನೆಲ ಅದುರಿದಂತಾಯಿತು. ಯಶವಂತಪುರದ ಕಡೆ ಗೂಡ್ಸ್ ರೈಲು ಹೊರಟಿದ್ದಿರಬೇಕು. ಆದರೆ ನಾಲ್ಕೂ ಜನರ ಮೈಮೇಲಿನ ಕೂದಲು ಎದ್ದು ನಿಂತವು.

"ಸರಿ. ನಿಮ್ ಸರಕು ನೋಡ್ದೆ. ನನ್ ಸರಕು ನೋಡಿ."

ಸೊಂಟದ ಗಂಟಿನಿಂದ ಅವನು ತೆಗೆದದ್ದು ನೀಲಿ ಗಾಜಿನ ಒಂದು ಮಣಿ. ನೆಲ್ಲಿಕಾಯಿಯಷ್ಟು ದಪ್ಪ, ನಡುವೆ ತೂತು, ತೂತಿನ ಸುತ್ತ ದಾರ ಸವೆಸಿದ ಗುರುತು.

"ತಾತ, ಇದು..." ಮುನೀಂದ್ರ ಮುಂದೆ ಬಗ್ಗಿದ. ಆ ಮಣಿ ಅವನಿಗೆ ಗೊತ್ತಿತ್ತು. ಮುದುಕನ ಮಂಚದ ಮೇಲಿನ ಮೊಳೆಗೆ ನೇತುಹಾಕಿದ್ದ ಮಣಿಸರದ್ದು. ಅವನ ಮೊದಲ ಜೋಡಿ ಎತ್ತಿನ ಕೊರಳಲ್ಲಿದ್ದದ್ದು. ಜೋಡಿ ಮಾರಿದಾಗಲೂ ಅವನು ಸರ ಬಿಟ್ಟುಕೊಟ್ಟಿರಲಿಲ್ಲ.

"ಉಸುರು ಐತೆ ಇದ್ರಾಗೆ," ಅಂದ ಮುದುಕ. "ಹನ್ನೊಂದು ವರ್ಷ ಉಳೋ ಎತ್ತಿನ ಕೊಳ್ಳಾಗೆ ಇತ್ತು. ಎಷ್ಟು ಉಸುರು ಕುಡದೈತೋ ಯಾರು ಕಂಡವ್ರೆ."

ಸಬೀರಾ ಮುಂದಕ್ಕೆ ಸರಿದಳು. ಕಿಟಕಿಯ ಬಿಸಿಲು ಮಣಿಯ ಮೂಲಕ ಹಾದು ಎದುರು ಗೋಡೆಯ ಮೇಲೆ ಸಣ್ಣ ನೀಲಿ ಚುಕ್ಕೆಯಾಗಿ ಬಿದ್ದಿತ್ತು. ಮುದುಕ ಉಸಿರಾಡಿದಂತೆಲ್ಲ ಅದು ಮೇಲೆ ಕೆಳಗೆ ಆಡುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು, ಶಶಿರೇಖಾ ಅವಳನ್ನು ನೋಡುತ್ತಿದ್ದಳು.

ಮುದುಕ ನಿಧಿಯನ್ನು ಐದು ಗುಡ್ಡೆ ಮಾಡಿಸಿದ. ಒಂದೊಂದು ಗುಡ್ಡೆಗೆ ಒಂದೊಂದು ಬೆರಳು. ಹೆಬ್ಬೆರಳು ಚಿನ್ನ, ಆಮೇಲಿನದು ಬೆಳ್ಳಿ, ನಡುಬೆರಳು ರತ್ನ, ಉಂಗುರದ ಬೆರಳು ಕತ್ತಿ ಗುರಾಣಿ, ಕಿರುಬೆರಳು ಕಿರೀಟ. ಕೈ ಟವಲಿನ ಕೆಳಗೆ ಇರುತ್ತದೆ. ಅವನು ಎಷ್ಟು ಬೆರಳು ಹಿಡಿಯುತ್ತಾನೋ ಅಷ್ಟು ಗುಡ್ಡೆ ಕೇಳುತ್ತಿದ್ದಾನೆಂದು ಲೆಕ್ಕ. ಅವಳು ಎಷ್ಟು ಕೊಡುತ್ತಾಳೋ ಅಷ್ಟೇ ಬೆರಳನ್ನು ಅವನ ಅಂಗೈಯಲ್ಲಿ ಇಡಬೇಕು. ಬಾಯಲ್ಲಿ ಬೆಲೆ ಬರುವಂತಿಲ್ಲ. ಬಾಯಿ ಬೇರೇನಾದರೂ ಆಡುತ್ತಿರಬೇಕು.

"ಯಾಕ್ ತಾತ, ಬಾಯಲ್ಲೇ ಕೇಳಿದ್ರೆ ಏನಾಯ್ತು?" ಬಾಲರಾಜ್ ಕೇಳಿದ. "ಪಕ್ಕದೋನು ಕೇಳಿಸ್ಕೊಂಡು ಜಾಸ್ತಿ ಕೂಗ್ತಾನೆ ಅಂತಾನಾ?"

"ಅದೂ ಐತೆ. ಆದ್ರೆ ನಮ್ಮಪ್ಪ ಬ್ಯಾರೆ ಯೋಳ್ತಿದ್ದ." ಮುದುಕ ಟವಲು ಕೊಡವಿ ಬಿಚ್ಚಿದ. "ಎತ್ತು ಅಲ್ಲೇ ನಿಂತಿರ್ತದಲ್ಲ. ಕಣ್ ಬಿಟ್ಕಂಡು ನೋಡ್ತಿರ್ತದೆ. ಅದರ ಮುಂದೆ ಅದರ ಬೆಲೆ ಕೂಗಬಾರದು ಅಂತ. ಇಷ್ಟಕ್ಕೆ ನನ್ನ ಕೊಟ್ರು ಅಂತ ಅದಕ್ಕೆ ಗೊತ್ತಾಗಬಾರದು. ಗೊತ್ತಾದ್ರೆ ಕೊಂಡೋನ ಹಿಂದೆ ಹೆಜ್ಜೆ ಎತ್ತಾಕಿಲ್ಲ."

"ಎತ್ತಿಗೆ ಎಣಿಸೋಕ್ ಬರುತ್ತಾ ತಾತ?"

"ನಿಂಗಿಂತ ಚೆಂದಾಗಿ ಬತ್ತದೆ."

ಟವಲು ಬಂದು ಶಶಿರೇಖಾಳ ಮೊಣಕೈಯವರೆಗೆ ಮುಚ್ಚಿತು. ಬೆವರಿನ, ನಾಟಿ ತಂಬಾಕಿನ ವಾಸನೆ. ಒಳಗೆ ಒಂದು ಕೈ ಕಾಯುತ್ತಿತ್ತು. ಒಣಗಿದ ಹಗ್ಗದಂತೆ ಗಂಟುಗಂಟಾದ, ಬೆಚ್ಚಗಿನ ಕೈ. ಅದು ಅವಳ ಐದೂ ಬೆರಳನ್ನು ಒಟ್ಟಿಗೆ ಹಿಡಿಯಿತು. ಎಲ್ಲ ಬೇಕು.

"ಅಬ್ಬಿಗೆರೆ ಕಡೆ ನೀರು ಬತ್ತದೇನವ್ವಾ?" ಮುದುಕ ಸೂರು ನೋಡುತ್ತ ಕೇಳಿದ.

ಶಶಿರೇಖಾ ತಬ್ಬಿಬ್ಬಾದಳು. ಕೈ ಬಿಡಿಸಿಕೊಂಡು ಎರಡು ಬೆರಳು ಇಟ್ಟಳು. "ವಾರಕ್ಕೆರಡು ದಿನ ಬರುತ್ತೆ ತಾತ."

ಕೈ ಆ ಎರಡು ಬೆರಳನ್ನು ಅಂಗೈಯಲ್ಲಿ ಒಮ್ಮೆ ತೂಗಿ ವಾಪಸು ತಳ್ಳಿತು. ಪುನಃ ಐದೂ ಹಿಡಿಯಿತು. "ನಮ್ ಕಾಲ್ದಾಗೆ ಅಲ್ಲಿ ಮೂರು ಆಳುದ್ದಕ್ಕೇ ನೀರು."

"ಈಗ ಸಾವಿರ ಅಡಿಗೂ ಇಲ್ಲ." ಮೂರು ಬೆರಳು.

"ಏನ್ ಗುರು ಇದು," ಬಾಲರಾಜ್ ಪಿಸುಗುಟ್ಟಿದ, "ವ್ಯಾಪಾರಾನೋ ಜಲಮಂಡಳಿ ಮೀಟಿಂಗೋ?"

ಶಶಿರೇಖಾಳಿಗೆ ಅದು ದೂರದಿಂದ ಕೇಳಿಸಿತು. ಟವಲಿನ ಒಳಗೆ ಇನ್ನೊಂದು ಕೋಣೆಯಿತ್ತು, ಅವಳು ಅಲ್ಲಿಗೆ ಇಳಿದುಹೋಗಿದ್ದಳು. ತಕ್ಕಡಿಯ ಎದುರು ಇಷ್ಟು ವರ್ಷ ನಿಂತರೂ ಅವಳು ಜನರ ಮುಖ ನೋಡಿಯೇ ವ್ಯಾಪಾರ ಮಾಡಿದವಳು. ಮುಖ ಸುಳ್ಳು ಹೇಳುತ್ತದೆ. ಈ ಕತ್ತಲಲ್ಲಿ ಸುಳ್ಳಿಗೆ ಜಾಗವೇ ಇರಲಿಲ್ಲ. ಮುದುಕನ ಹೆಬ್ಬೆರಳು ಒಂದು ಕ್ಷಣ ತಡೆದರೆ ಅದು ಅನುಮಾನ, ಅಂಗೈ ಸಡಿಲವಾದರೆ ಅದು ಆಸೆ. ಅವನಿಗೂ ಅವಳ ನಾಡಿ ಬಡಿಯುವುದು ತಿಳಿಯುತ್ತಿತ್ತು. ಎಷ್ಟು ಎತ್ತು, ಎಷ್ಟು ಹಸು, ಎಷ್ಟು ಮನೆಗಳ ಉಳುಮೆ ಈ ಕೈಯೊಳಗಿಂದ ಒಂದು ಮಾತೂ ಇಲ್ಲದೆ ದಾಟಿಹೋಗಿವೆ ಎಂದು ನೆನೆದಾಗ ಅವಳ ಬೆನ್ನಹುರಿಯಲ್ಲಿ ತಣ್ಣಗೆ ಏನೋ ಹರಿದಂತಾಯಿತು. ಸಣ್ಣವಳಿದ್ದಾಗ ಖಾಲಿ ಹಂಡೆಯೊಳಗೆ ತಲೆ ಹಾಕಿ ತನ್ನದೇ ಉಸಿರನ್ನು ಕೇಳಿಸಿಕೊಂಡಾಗ ಆಗುತ್ತಿದ್ದದ್ದೂ ಹೀಗೇ.

ಅವಳು ನಾಲ್ಕು ಬೆರಳು ಇಟ್ಟಳು. ಚಿನ್ನ, ಬೆಳ್ಳಿ, ರತ್ನ, ಕತ್ತಿ. ಕಿರುಬೆರಳನ್ನು ಮಡಿಚಿ ತನ್ನ ಅಂಗೈಗೇ ಒತ್ತಿ ಹಿಡಿದಳು.

ಕೈ ನಾಲ್ಕನ್ನು ಸ್ವೀಕರಿಸಿತು. ಬಿಡಲಿಲ್ಲ. ಅದರ ಬೆರಳತುದಿ ಮೆಲ್ಲನೆ ಬಂದು ಮಡಿಚಿದ ಕಿರುಬೆರಳನ್ನು ತಟ್ಟಿತು. ಇದು?

ಇಲ್ಲ, ಅಂದಿತು ಅವಳ ಬೆರಳು.

ಇನ್ನೊಮ್ಮೆ ತಟ್ಟಿತು. ಈ ಸಲ ಅದು ಕಿತ್ತುಕೊಳ್ಳುವ ತಟ್ಟುವಿಕೆಯಾಗಿರಲಿಲ್ಲ. ಮಗುವಿನ ಮುಷ್ಟಿಯಿಂದ ಏನನ್ನಾದರೂ ಬಿಡಿಸುವಾಗ ದೊಡ್ಡವರು ತಟ್ಟುವ ಹಾಗಿತ್ತು.

"ನಿಮ್ಮೂರಾಗೆ ಒಬ್ಬಜ್ಜಿ ಬಾವಿ ಸೇದ್ತಿದ್ದದ್ದು ನಾನು ಕಂಡಿವ್ನಿ," ಮುದುಕ ಗಟ್ಟಿಯಾಗಿ ಅಂದ. "ಎಲ್ಲಿವರ್ಗೂ ಎಳೀಬೇಕು, ಎಲ್ಲಿ ನಿಲ್ಲಿಸಬೇಕು, ಆವಮ್ಮಂಗೆ ಗೊತ್ತಿತ್ತು."

ಶಶಿರೇಖಾಳಿಗೆ ಗೆಲುವು ಕಾಣುತ್ತಿತ್ತು. ಅವನ ಅಂಗೈ ಬೆವರತೊಡಗಿತ್ತು. ಇನ್ನೊಂದೇ ಒಂದು ಉಸಿರು ತಡೆದರೆ ಈ ಕೈ, ನಲವತ್ತು ವರ್ಷದ ಈ ಕೈ, ತನ್ನೆದುರು ಸೋಲುತ್ತದೆ. ಯಾತಕ್ಕಾಗಿ ಕೊಳ್ಳುತ್ತಿದ್ದೇನೆ, ಯಾರಿಗಾಗಿ, ಎಂಬುದೆಲ್ಲ ಆ ಗಳಿಗೆಯಲ್ಲಿ ಅವಳಿಂದ ಜಾರಿಹೋಗಿತ್ತು. ಇದ್ದದ್ದು ಮಡಿಚಿದ ಒಂದು ಬೆರಳು, ಅದರ ತುದಿಯಲ್ಲಿ ಒಂದು ಕಿರೀಟ. ಅವಳು ಒತ್ತಿ ಹಿಡಿದಳು.

ಕೈ ನಿಧಾನವಾಗಿ ಸಡಿಲವಾಯಿತು. ನಾಲ್ಕು ಬೆರಳುಗಳ ಮೇಲೆ ಒಮ್ಮೆ ತಟ್ಟಿತು. ಆಯಿತು.

"ನಾಲ್ಕಕ್ಕೇ ಮುಗಿಸ್ದೆ!" ಶಶಿರೇಖಾ ಟವಲನ್ನು ಎಳೆದೆಸೆದು ಕೂಗಿಬಿಟ್ಟಳು. "ಐದೂ ಕೇಳ್ತಿದ್ರು, ನಾಲ್ಕಕ್ಕೇ ಇಳಿಸ್ದೆ! ಕಿರೀಟ ಉಳೀತು!"

"ಮಗಾ!" ಬಾಲರಾಜ್ ಚಪ್ಪಾಳೆ ಹೊಡೆದು ಎದ್ದುನಿಂತ. "ಏನ್ ತಾತಾ, ಪಾತ್ರೆ ಅಂಗಡಿ ಹುಡುಗಿ ಹತ್ರ ಔಟಾ? ಕಿರೀಟ ಉಳೀತು ಕಣ್ರೋ! ಮಿಂಚುಳ್ಳಿನೂ ಬಂದ್ಲು, ಕಿರೀಟಾನೂ ಉಳೀತು!"

ಮುದುಕ ಟವಲನ್ನು ಚಾಪೆಯಿಂದ ಎತ್ತಿ ಎರಡು ಸಲ ಕೊಡವಿದ. ಅವನು ನೋಡಿದ್ದು ಶಶಿರೇಖಾಳನ್ನಲ್ಲ, ಸಬೀರಾಳನ್ನು. ಸಂತೆಯಲ್ಲಿ ಕೈ ಬಿಟ್ಟ ಮೇಲೆ ಅವನು ಎತ್ತಿನ ಕಣ್ಣನ್ನು ಹೀಗೇ ನೋಡುತ್ತಿದ್ದನೇನೋ.

ಅವನ ನೋಟ ಹೋದ ಕಡೆಗೆ ಶಶಿರೇಖಾಳೂ ತಿರುಗಿದಳು. ಅವಳ ಕೂಗು ಇನ್ನೂ ಕೋಣೆಯಲ್ಲೇ ಇತ್ತು, ಹೋಗಲು ಜಾಗವಿಲ್ಲದಂತೆ. ಸಬೀರಾ ಮೊಣಕಾಲು ಅಪ್ಪಿಕೊಂಡು ಕೂತು ಚಾಪೆಯ ಮೇಲಿನ ಮುಚ್ಚಳವನ್ನು ನೋಡುತ್ತಿದ್ದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಏನೋ ಲೆಕ್ಕ ತಾಳೆಯಾದಾಗ ಟೀಚರುಗಳ ಮುಖದಲ್ಲಿ ಬರುವ ಶಾಂತಿಯಿತ್ತು.

"ಅವತ್ತೂ ಇದೇ ಇತ್ತಲ್ವಾ ಮೂಟೇಲಿ?" ಕೇಳಿದಳು. "ಭಾರ ಆಗಿದ್ದು ಇದೇ ಅಲ್ವಾ?"

ಮುಚ್ಚಳ ಶಶಿರೇಖಾಳ ಮೊಣಕಾಲಿನ ಪಕ್ಕದಲ್ಲೇ ಇತ್ತು. ಅವಳು ಅದನ್ನು ಎತ್ತಿಕೊಂಡಳು. ಎತ್ತಲು ಎರಡೂ ಕೈ ಬೇಕಾಯಿತು. "ತಾತ, ತಗೊಳ್ಳಿ. ಇದನ್ನೂ ತಗೊಳ್ಳಿ. ಐದೂ ನಿಮ್ಮದೇ."

"ಅಂಗಾಗಕಿಲ್ಲ ಕಣವ್ವಾ."

"ನಾನೇ ಕೊಡ್ತಿದೀನಲ್ಲಾ ತಾತ!"

"ಕೈ ಬಿಟ್ ಮ್ಯಾಕೆ ಮುಗೀತು." ಅವನ ಸ್ವರ ಮೆತ್ತಗಿತ್ತು. "ಇನ್ನು ಒಂದು ಕಾಸು ಎತ್ತಂಗಿಲ್ಲ, ಒಂದು ಕಾಸು ಇಳಿಸಂಗಿಲ್ಲ. ಕೊಂಡಿದೀಯ. ಕರ್ಕಂಡೋಗು."

ಅವನು ನಾಲ್ಕು ಗುಡ್ಡೆಗಳನ್ನು ಚೀಲಕ್ಕೆ ತುಂಬಿಕೊಂಡ, ಒಂದು ಬೀಜವನ್ನೂ ಬಿಡದೆ. ಕಾಲ ಬಳಿ ಬಿದ್ದಿದ್ದದ್ದನ್ನೂ ಹೆಕ್ಕಿ ಹಾಕಿದ. ಆಮೇಲೆ ನೀಲಿ ಮಣಿಯನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದ. ಗೋಡೆಯ ಮೇಲಿನ ಚುಕ್ಕೆ ನಡುಗುತ್ತ ಬಂದು ಸಬೀರಾಳ ಕೆನ್ನೆಯ ಮೇಲೆ ನಿಂತಿತು.

ಮುನೀಂದ್ರ ಶಶಿರೇಖಾಳನ್ನು ನೋಡಿದ, ಸಬೀರಾಳನ್ನು ನೋಡಿದ. ಆಟ ನಡೆಸುವವನು ಆಟ ನಡೆಸಬೇಕು. ಸ್ಟೀಲು ಲೋಟ ಬೋರಲು ಮಾಡಿ ಹಿಡಿದು ಚಮಚದಿಂದ ಬಾರಿಸಿದ. ಒಂದು. ಬನಿಯನ್ನುಗಳ ಆಚೆ ಹದ್ದೊಂದು ಸುತ್ತುತ್ತಿತ್ತು. ಎರಡು. ಕೆಳಗೆಲ್ಲೋ ನೀರಿನ ಮೋಟಾರು ನಿಂತು, ಇಡೀ ಮನೆ ಒಮ್ಮೆಗೇ ಮೌನವಾಯಿತು. ಮೂರು.

"ಮಿಂಚುಳ್ಳಿ," ಅಂದ ಮುನೀಂದ್ರ. "ಕೆರೆಯ ತಳದಲ್ಲಿ ನಿನಗೆ ಗಂಟೆ ಕೇಳಿಸ್ತಿದೆ. ಮೇಲೆ ಬೆಳಕಿದೆ. ನಿನ್ನವರು ನಿನಗೋಸ್ಕರ ಬೆಲೆ ಕೊಟ್ಟು ಕರೀತಿದಾರೆ. ಬರ್ತೀಯಾ?"

ಸಬೀರಾ ಮಣಿಯನ್ನು ಮುದುಕನ ಅಂಗೈಯಿಂದ ಎತ್ತಿಕೊಂಡಳು. ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಅದರೊಳಗೆ ತುಂಬ ಹೊತ್ತು ನೋಡಿದಳು. ಅವಳ ಮುಖದ ಮೇಲೆ ನೀರಿನಂತೆ ನೀಲಿ ಆಡಿತು, ತುಟಿ ತುಸು ತೆರೆಯಿತು. ಅಷ್ಟು ಚೆಂದದ ವಸ್ತುವನ್ನು ಅವಳು ಯಾವತ್ತೂ ಕಂಡಿರಲಿಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಆಮೇಲೆ ಅದನ್ನು ವಾಪಸು ಮುದುಕನ ಅಂಗೈಯ ನಡುವಿಗೆ ಇಟ್ಟಳು. ಅವನ ಬೆರಳುಗಳನ್ನು ಅದರ ಮೇಲೆ ಒಂದೊಂದಾಗಿ ಮಡಿಚಿದಳು, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ, ಐದನ್ನೂ.

"ಬರಲ್ಲ," ಅಂದಳು.